ಎರಡು ಫ್ಲಾರಿನ್ ಕೊಟ್ಟು ಕೊಂಡ ಸುವಾರ್ತೆ

ಬಾಸೆಲ್ ಅಂದರೆ ನಮ್ಮ ಮಂಗಳೂರಿನವರಿಗೆ, ಧಾರವಾಡ, ಹುಬ್ಬಳ್ಳಿಯವರಿಗೆ ಮೊದಲು ನೆನಪಾಗುವುದು ಮಿಷನ್ ಶಾಲೆ, ಹೆಂಚಿನ ಕಾರ್ಖಾನೆ, ಕಿಟೆಲ್ ನಿಘಂಟು. ನನಗೂ ಬಹಳ ಕಾಲ ಹಾಗೇ ಇತ್ತು. ಈಚೆಗೆ ಆ ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ಒಂದು ಪುಸ್ತಕ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಬಾಸೆಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಒಂದು ಗ್ರೀಕ್ ಹಸ್ತಪ್ರತಿ. ಚರ್ಮದ ಹಾಳೆಗಳು, ಒಟ್ಟು 248. ಪುಟಕ್ಕೆ 20 ಸಾಲು. ಮತ್ತಾಯ, ಮಾರ್ಕ, ಲೂಕ, ಯೋಹಾನ, ಯೇಸುವಿನ ಕಥೆ ಹೇಳುವ ನಾಲ್ಕೂ ಸುವಾರ್ತೆಗಳು ಪೂರ್ತಿಯಾಗಿ ಇವೆ. ಬರೆದದ್ದು ಸುಮಾರು 12ನೇ ಶತಮಾನದಲ್ಲಿ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳ ಪಟ್ಟಿಯಲ್ಲಿ ಇದರ ಹೆಸರು ಬರೀ ಒಂದು ಸಂಖ್ಯೆ: 2.

ಇದೇನು ರಾಜವೈಭವದ ಪುಸ್ತಕ ಅಲ್ಲ. ಅಂಥವು ಬೇರೆ ಇವೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 565 ಅನ್ನುವ ಸಂಖ್ಯೆಯ ಸುವಾರ್ತೆ ಇದೆ, ನೇರಳೆ ಬಣ್ಣ ಹಾಕಿದ ಚರ್ಮದ ಮೇಲೆ ಚಿನ್ನದ ಅಕ್ಷರ. ನಮ್ಮ 2ನೇ ಪ್ರತಿಗೆ ಆ ಭಾಗ್ಯ ಇಲ್ಲ. ಬಾಸೆಲ್‌ನ ಸನ್ಯಾಸಿಗಳು ಇದನ್ನು ಎರಡು ರೈನ್ ಫ್ಲಾರಿನ್ ಕೊಟ್ಟು ಕೊಂಡಿದ್ದರು ಅನ್ನುತ್ತಾರೆ. 19ನೇ ಶತಮಾನದ ವಿದ್ವಾಂಸರು ಇದರ ಬಗ್ಗೆ ಬರೆಯುವಾಗ ಈ ಅಗ್ಗದ ಬೆಲೆಯನ್ನು ಮರೆಯದೆ ಹೇಳುತ್ತಾರೆ, ಪುಸ್ತಕದ ಯೋಗ್ಯತೆಯೂ ಅಷ್ಟೇ ಅನ್ನುವ ಧಾಟಿಯಲ್ಲಿ. ನನಗೆ ಅದು ಸರಿ ಅನ್ನಿಸುವುದಿಲ್ಲ. ಯಾಕೆಂದರೆ ಈ ಅಗ್ಗದ ಪುಸ್ತಕದ ಸಾಲುಗಳು ಹೋಗಿ ಮುಟ್ಟಿದಷ್ಟು ಮನೆಗಳನ್ನು ಚಿನ್ನದ ಅಕ್ಷರದ ಯಾವ ಪುಸ್ತಕವೂ ಮುಟ್ಟಿಲ್ಲ. ನಮ್ಮ ಮನೆಯೂ ಅದರಲ್ಲಿ ಒಂದು.

ಮೊದಲು ಈ ಪುಸ್ತಕ ಹೇಗೆ ಹುಟ್ಟಿರಬೇಕು ಅಂತ ಸ್ವಲ್ಪ ನೋಡೋಣ. ಆ ಕಾಲದ ಗ್ರೀಕ್ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ಬಂದವು. ಕುರಿ, ಮೇಕೆ ಅಥವಾ ಕರುವಿನ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಹಾಕುತ್ತಿದ್ದರು. ಕೂದಲು ಹೆರೆದು ತೆಗೆದು, ಚೌಕಟ್ಟಿಗೆ ಬಿಗಿದು ಒಣಗಿಸಿ, ಮತ್ತೆ ಹೆರೆದು ತೆಳ್ಳಗೆ ಮಾಡುತ್ತಿದ್ದರು. ಎಷ್ಟು ಹೆರೆದರೂ ಚರ್ಮಕ್ಕೆ ಎರಡು ಮುಖ. ಕೂದಲಿದ್ದ ಮುಖ ಸ್ವಲ್ಪ ಹಳದಿ, ಒಳಮುಖ ಬಿಳಿ. ಹಾಳೆ ಮಡಚಿ ಹೊಲಿಯುವಾಗ ಹಳದಿಯ ಎದುರಿಗೆ ಹಳದಿ, ಬಿಳಿಯ ಎದುರಿಗೆ ಬಿಳಿ ಬರುವ ಹಾಗೆ ಜೋಡಿಸುತ್ತಿದ್ದರು. ಪುಸ್ತಕವನ್ನು ಎಲ್ಲೇ ಬಿಡಿಸಿದರೂ ಎರಡೂ ಪುಟ ಒಂದೇ ಬಣ್ಣ ಕಾಣಬೇಕು. ಇದನ್ನು ಗಮನಿಸಿ ಮೊದಲು ಹೇಳಿದವನು ಕಾಸ್ಪರ್ ರೆನೆ ಗ್ರೆಗರಿ ಅನ್ನುವ ವಿದ್ವಾಂಸ. ಅಮೆರಿಕದಲ್ಲಿ ಹುಟ್ಟಿ ಜರ್ಮನಿಯಲ್ಲಿ ನೆಲೆಸಿದವನು. ಈ ಹಸ್ತಪ್ರತಿಗಳ ಹಿಂದೆ ಇಡೀ ಜೀವನ ಸವೆಸಿದವನು.

ಶಾಯಿಯ ವಿಷಯ ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು. ಮಾಚಿಕಾಯಿ ಮತ್ತು ಅನ್ನಭೇದಿ. ನಮ್ಮ ಗ್ರಂಥಿಗೆ ಅಂಗಡಿಯವರಿಗೆ ಎರಡೂ ಗೊತ್ತಿರುವ ಸಾಮಾನು. ಮಾಚಿಕಾಯಿಯನ್ನು ಬಾಣಂತಿ ಔಷಧಿಗೆ, ಮಕ್ಕಳಿಗೆ ತೇದು ನೆಕ್ಕಿಸುವುದಕ್ಕೆ ತರುತ್ತಾರಲ್ವಾ, ಅದೇ. ಓಕ್ ಮರಕ್ಕೆ ಒಂದು ಜಾತಿಯ ಕಣಜ ಮೊಟ್ಟೆಯಿಟ್ಟಾಗ ಏಳುವ ಗಂಟು ಅದು. ಅದರ ಒಗರು ರಸಕ್ಕೆ ಅನ್ನಭೇದಿ ಬೆರೆಸಿ ಸ್ವಲ್ಪ ಅಂಟು ಹಾಕಿದರೆ ಶಾಯಿ. ಬರೆಯುವಾಗ ತೆಳ್ಳಗೆ ಕಂಡು, ಗಾಳಿ ತಗುಲಿದಂತೆ ಕಪ್ಪಾಗುತ್ತದೆ. ಚರ್ಮದೊಳಕ್ಕೆ ಇಳಿದು ಕೂರುತ್ತದೆ. ನೂರಾರು ವರ್ಷ ಕಳೆದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಳೆಯ ಗ್ರೀಕ್ ಪುಟಗಳ ಚಿತ್ರಗಳಲ್ಲಿ ಕಾಣುವ ಆ ಕಂದು ಬಣ್ಣ ಬಂದದ್ದು ಹೀಗೆ.

ಸಾಲು ಎಳೆಯುವುದಕ್ಕೆ ಶಾಯಿ ಬಳಸುತ್ತಿರಲಿಲ್ಲ. ಚೂಪಾದ ಮೊಳೆಯಂಥದ್ದರಿಂದ ಗೀರುತ್ತಿದ್ದರು. ಒಂದು ಕಡೆ ಗೀರಿದರೆ ಹಿಂದಿನ ಪುಟದಲ್ಲಿ ಅದೇ ಗೆರೆ ಉಬ್ಬಿ ಬರುತ್ತದೆ. ಹಾಗಾಗಿ ಒಂದೇ ಸಲಕ್ಕೆ ಎರಡು ಪುಟದ ಕೆಲಸ. ಅಕ್ಷರಗಳು ಆ ಗೆರೆಯ ಮೇಲೆ ಕೂರುವುದಿಲ್ಲ, ಅದರಿಂದ ಕೆಳಕ್ಕೆ ಜೋತು ಬೀಳುತ್ತವೆ. 9ನೇ ಶತಮಾನದವರೆಗೆ ಸುವಾರ್ತೆಗಳನ್ನು ದೊಡ್ಡ ಬಿಡಿ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಆಮೇಲೆ ಸಣ್ಣ ಕೂಡಕ್ಷರದ ಬರವಣಿಗೆ ಬಂತು. ಅದಕ್ಕೆ ಮೈನಸ್ಕ್ಯೂಲ್ ಎಂದು ಹೆಸರು. ಈ ಬರವಣಿಗೆಯಲ್ಲಿ ಇಸವಿ ನಮೂದಿಸಿರುವ ಅತ್ಯಂತ ಹಳೆಯ ಸುವಾರ್ತೆ 835ನೇ ಇಸವಿಯದು, ನಿಕೊಲಾಸ್ ಅನ್ನುವ ಸನ್ಯಾಸಿ ಬರೆದದ್ದು. ಸಣ್ಣಕ್ಷರ ಬಂದ ಮೇಲೆ ಚರ್ಮ ಉಳಿಯಿತು, ಸಮಯ ಉಳಿಯಿತು, ಪುಸ್ತಕದ ಬೆಲೆ ಇಳಿಯಿತು. ನಮ್ಮ 2ನೇ ಪ್ರತಿಯಂಥ ಸಾಧಾರಣ ಪುಸ್ತಕಗಳು ಹುಟ್ಟಿದ್ದು ಇದರಿಂದಲೇ.

ಈ ಪುಸ್ತಕ ಕಾನ್‌ಸ್ಟಾಂಟಿನೋಪಲ್ ಕಡೆಯ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಎಲ್ಲರೂ ಓದುತ್ತಿದ್ದ ಪಾಠವನ್ನೇ ಹೊತ್ತಿದೆ. ಪಾಠ ಅಂದರೆ ಇಲ್ಲಿ ಪ್ರತಿಯಲ್ಲಿರುವ ಮಾತುಗಳ ರೂಪ. ಬೈಜಾಂಟಿಯನ್ ಪಾಠ ಅನ್ನುತ್ತಾರೆ. ಇವತ್ತು ಉಳಿದಿರುವ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು 5000ಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ಇದೇ ಪಾಠದವು. ಶತಮಾನಗಳ ಕಾಲ ಸಭೆಯಲ್ಲಿ ಓದಿ ಓದಿ, ನಕಲು ಮಾಡಿ ಮಾಡಿ, ಎಲ್ಲ ಕಡೆ ಒಂದೇ ರೂಪಕ್ಕೆ ಬಂದ ಪಾಠ. ಅಂದರೆ 2ನೇ ಪ್ರತಿಯನ್ನು ಬರೆದ ಕೈ ವಿಶೇಷವಾದದ್ದೇನೂ ಮಾಡಲು ಹೊರಟಿರಲಿಲ್ಲ. ತನ್ನ ಮುಂದಿದ್ದದ್ದನ್ನು ತನ್ನವರು ಓದುವ ಹಾಗೆ ಇನ್ನೊಂದು ಸಲ ಬರೆಯಿತು, ಅಷ್ಟೇ.

ಪಶ್ಚಿಮದ ಕಡೆಗೆ ಇಂಥ ಪುಸ್ತಕಗಳು ಬಂದದ್ದಕ್ಕೆ ಒಂದು ಕಾರಣ ಇದೆ. 1431ರಲ್ಲಿ ಬಾಸೆಲ್‌ನಲ್ಲಿ ಚರ್ಚಿನ ದೊಡ್ಡ ಮಹಾಸಭೆ ಸೇರಿತ್ತು. ಪೂರ್ವದ ಮತ್ತು ಪಶ್ಚಿಮದ ಸಭೆಗಳನ್ನು ಒಂದು ಮಾಡುವ ಮಾತುಕತೆಗೆ 1435ರಲ್ಲಿ ಅಲ್ಲಿಂದ ಕಾನ್‌ಸ್ಟಾಂಟಿನೋಪಲ್‌ಗೆ ಹೋದವರಲ್ಲಿ ರಗೂಸಾದ ಜಾನ್ ಒಬ್ಬ. ಇವತ್ತಿನ ಡುಬ್ರೊವ್ನಿಕ್ ಊರಿನ ಡೊಮಿನಿಕನ್ ಸನ್ಯಾಸಿ. ಮಾತುಕತೆ ಏನಾಯಿತೋ, ಅದು ಬೇರೆ ಕಥೆ. ಆದರೆ ಅಲ್ಲಿದ್ದಷ್ಟು ಕಾಲ ಅವನು ಗ್ರೀಕ್ ಪುಸ್ತಕಗಳನ್ನು ಕೂಡಿಹಾಕಿದ. 1443ರಲ್ಲಿ ತೀರಿಕೊಂಡಾಗ ಅವನ್ನೆಲ್ಲ ಬಾಸೆಲ್‌ನ ಡೊಮಿನಿಕನ್ ಮಠಕ್ಕೆ ಬಿಟ್ಟ. ಅದಾದ ಹತ್ತು ವರ್ಷಕ್ಕೆ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬಿತ್ತು. ಹೀಗೆ ಉತ್ತರದ ಒಂದು ವ್ಯಾಪಾರದ ಊರಿನ ಮಠದಲ್ಲಿ ಗ್ರೀಕ್ ಪುಸ್ತಕಗಳ ಒಂದು ಒಳ್ಳೆಯ ಸಂಗ್ರಹ ಬೆಳೆಯಿತು. 2ನೇ ಪ್ರತಿಯೂ ಆ ಮಠದ ಸೊತ್ತಾಗಿತ್ತು.

ಆಮೇಲೆ ಎರಾಸ್ಮಸ್ ಬಂದ.

ಹಾಲೆಂಡಿನ ಈ ದೊಡ್ಡ ವಿದ್ವಾಂಸ ಬಂದದ್ದು 1514ರ ಆಗಸ್ಟ್‌ನಲ್ಲಿ ಮೊದಲ ಸಲ. ಮಾರನೇ ವರ್ಷ ಮತ್ತೆ. ಅವನನ್ನು ಕರೆದದ್ದು ಊರಿನ ಮುದ್ರಕ ಯೋಹಾನ್ ಫ್ರೋಬೆನ್. ಅವನ ಅಚ್ಚುಕೂಟ ಇದ್ದ ಮನೆ ಇವತ್ತಿಗೂ ಇದೆ, ಈಗ ಅಲ್ಲಿ ಔಷಧಿ ಶಾಸ್ತ್ರದ ಮ್ಯೂಸಿಯಂ ಇದೆ. ಎರಾಸ್ಮಸ್‌ಗೆ ಆಗ ಮುಖ್ಯವಾಗಿ ಬೇಕಿದ್ದದ್ದು ತನ್ನ ಹೊಸ ಲ್ಯಾಟಿನ್ ಅನುವಾದ ಮತ್ತು ಟಿಪ್ಪಣಿಗಳನ್ನು ಹೊರತರುವುದು. ಸಾವಿರ ವರ್ಷದಿಂದ ಪಶ್ಚಿಮದಲ್ಲಿ ನಡೆದುಕೊಂಡು ಬಂದ ಲ್ಯಾಟಿನ್ ಬೈಬಲಾದ ವಲ್ಗೇಟ್‌ಗೆ ಕೈ ಹಾಕುವುದು ಅಂದರೆ ಸಣ್ಣ ಮಾತಲ್ಲ. ನಾನು ಸುಮ್ನೆ ಹೇಳುತ್ತಿಲ್ಲ, ಮೂಲದಲ್ಲಿ ಹೀಗಿದೆ ಎಂದು ತೋರಿಸಬೇಕಲ್ಲ? ಅದಕ್ಕೆ ಪಕ್ಕದಲ್ಲೇ ಗ್ರೀಕ್ ಅಚ್ಚಾಗಬೇಕಿತ್ತು. ಆಗ ಸ್ಪೇನ್‌ನಲ್ಲಿ ಕಾರ್ಡಿನಲ್ ಸಿಸ್ನೆರೋಸ್ ಮುಂದಾಳತ್ವದಲ್ಲಿ ಗ್ರೀಕ್ ಹೊಸ ಒಡಂಬಡಿಕೆ 1514ರ ಜನವರಿಯಲ್ಲೇ ಅಚ್ಚಾಗಿ ಮುಗಿದಿತ್ತು. ಆದರೆ ಇಡೀ ಬೈಬಲ್ ಸೇರಿಸಿ ಒಟ್ಟಿಗೆ ಬಿಡುಗಡೆ ಮಾಡಬೇಕೆಂದು ಕಾದು ಕೂತಿದ್ದರು. ಫ್ರೋಬೆನ್ ಕಾಯಲಿಲ್ಲ.

ಬಾಸೆಲ್‌ನಲ್ಲಿ ಅಚ್ಚಿಗೆ ಕೊಡುವಂಥ ಚೊಕ್ಕ ಪ್ರತಿ ಸಿಗುತ್ತದೆ ಎಂದು ಎರಾಸ್ಮಸ್ ನಂಬಿದ್ದ. ಸಿಗಲಿಲ್ಲ. ಹೊಸದಾಗಿ ನಕಲು ಮಾಡಿಸುವಷ್ಟು ವ್ಯವಧಾನ ಇರಲಿಲ್ಲ. ಆಗ ಅವನು ಮಾಡಿದ್ದೇನೆಂದರೆ, ಮಠದ 2ನೇ ಪ್ರತಿಯನ್ನು ತೆಗೆದುಕೊಂಡು, ಅದರ ಮೇಲೆಯೇ ತಿದ್ದುಪಡಿ ಬರೆದು, ನೇರವಾಗಿ ಅಚ್ಚುಮೊಳೆ ಜೋಡಿಸುವವರ ಕೈಗೆ ಕೊಟ್ಟ. ನಾನೂರು ವರ್ಷ ಹಳೆಯ ಪುಸ್ತಕ ಅಚ್ಚುಕೂಟದ ಮೇಜಿಗೆ ಹೋಯಿತು.

ಆ ಪುಟಗಳ ಚಿತ್ರ ನೋಡುತ್ತಾ ನಾನು ಎಷ್ಟೋ ಹೊತ್ತು ಕೂತದ್ದುಂಟು. ಜಾಸ್ತಿ ಕಣ್ಣಿಗೆ ಬೀಳುವುದು ಲೂಕನ ಆರನೇ ಅಧ್ಯಾಯದ ಪುಟ, ಈ ವಿಷಯದ ಪುಸ್ತಕಗಳಲ್ಲಿ ಅದನ್ನೇ ಅಚ್ಚು ಹಾಕಿರುತ್ತಾರೆ. "ಬಡವರಾದ ನೀವು ಧನ್ಯರು" ಎಂದು ಯೇಸು ಹೇಳುವ ಭಾಗ. ನಡುವೆ ಲಿಪಿಕಾರನ ಸಾಲುಗಳು. ಒಂದಕ್ಕೊಂದು ಕೊಂಡಿ ಹಾಕಿಕೊಂಡ ದುಂಡನೆಯ ಅಕ್ಷರ, ಒಂದೇ ಸಮನೆ, ಆತುರ ಇಲ್ಲ. ದೇವರು, ಯೇಸು ಅನ್ನುವ ಹೆಸರುಗಳನ್ನು ಆಗಿನ ರೂಢಿಯಂತೆ ಮೊದಲ ಮತ್ತು ಕೊನೆಯ ಅಕ್ಷರ ಬರೆದು ಮೇಲೊಂದು ಗೆರೆ ಎಳೆಯುತ್ತಿದ್ದರು. ಆ ಸಾಲುಗಳ ನಡುವೆ ಮತ್ತು ಅಂಚಿನಲ್ಲಿ ಇನ್ನೊಂದು ಕೈ. ಬೇರೆ ಶಾಯಿ, ಅವಸರದ ಬರಹ. ಅದು ಎರಾಸ್ಮಸ್‌ನದು. ಇಲ್ಲೊಂದು ಪದ ಸೇರಿಸು, ಇದನ್ನು ಹೀಗೆ ಬದಲಿಸು. ಅದರ ಜೊತೆಗೆ ಅಚ್ಚುಕೂಟದವರ ಗುರುತುಗಳು, ಅಚ್ಚಿನ ಪುಟ ಎಲ್ಲಿ ಒಡೆಯುತ್ತದೆ ಎಂದು ತೋರಿಸುವುದಕ್ಕೆ. ಒಂದೇ ಹಾಳೆಯ ಮೇಲೆ ಸನ್ಯಾಸಿ, ವಿದ್ವಾಂಸ, ಕೂಲಿಗೆ ದುಡಿಯುವ ಕೆಲಸಗಾರ, ಮೂವರ ಕೈಯೂ ಇದೆ. ಆ ಮೂರನೆಯ ಕೈ ನನಗೆ ಬಹಳ ಇಷ್ಟ. ಅವನ ಹೆಸರು ಯಾವ ಚರಿತ್ರೆಯಲ್ಲೂ ಬರುವುದಿಲ್ಲ. ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಇರುವ ಸೀಸದ ಮೊಳೆಗಳನ್ನು, ಸ್ವರಚಿಹ್ನೆ ಸಮೇತ, ಒಂದೊಂದಾಗಿ ಎತ್ತಿ ಕೂಡಿಸಿದವನು ಅವನೇ ತಾನೆ? ಅಚ್ಚಿಗೆ ಕೊಟ್ಟ ಹಸ್ತಪ್ರತಿಗಳನ್ನು ಕೆಲಸ ಮುಗಿದ ಮೇಲೆ ಎಸೆದುಬಿಡುವುದು ಆಗ ಮಾಮೂಲಿ. ಇದು ಉಳಿಯಿತು.

1515ರ ಅಕ್ಟೋಬರ್‌ನಲ್ಲಿ ಅಚ್ಚಿನ ಕೆಲಸ ಶುರುವಾಯಿತು. 1516ರ ಮಾರ್ಚ್ ಮೊದಲನೇ ತಾರೀಕಿಗೆ ಮುಗಿದೇ ಹೋಯಿತು. ಸುಮಾರು ಸಾವಿರ ಪುಟ, ಐದು ತಿಂಗಳು. ಎಡಕ್ಕೆ ಗ್ರೀಕ್, ಬಲಕ್ಕೆ ಲ್ಯಾಟಿನ್. ಗೆರ್ಬೆಲ್ ಮತ್ತು ಎಕೊಲಂಪಾಡಿಯಸ್ ಎಂಬ ಇಬ್ಬರು ಕರಡು ತಿದ್ದಿದರು. ಅಚ್ಚಿನ ತಪ್ಪು ರಾಶಿ ರಾಶಿ ಉಳಿದವು. ಈ ಪುಸ್ತಕವನ್ನು ಸಂಪಾದಿಸಿದ್ದಕ್ಕಿಂತ ಅವಸರದಲ್ಲಿ ತಳ್ಳಿದ್ದೇ ಹೆಚ್ಚು ಎಂದು ಎರಾಸ್ಮಸ್ ತಾನೇ ಬರೆದುಕೊಂಡ. ಹೊಸ ಒಡಂಬಡಿಕೆಯ ಕೊನೆಯದಾದ ಪ್ರಕಟನೆ ಎಂಬ ಪುಸ್ತಕಕ್ಕೆ ಅವನ ಕೈಗೆ ಸಿಕ್ಕಿದ್ದು ಒಂದೇ ಒಂದು ಪ್ರತಿ, ಅದರಲ್ಲೂ ಕೊನೆಯ ಹಾಳೆ ಕಿತ್ತುಹೋಗಿತ್ತು. ಕಡೆಯ ಆರು ವಚನಗಳನ್ನು ಅವನು ಲ್ಯಾಟಿನ್‌ನಿಂದ ಗ್ರೀಕ್‌ಗೆ ತಾನೇ ತಿರುಗಿಸಿ ಬರೆದ.

ಈ ಅವಸರವನ್ನು ಹಿಡಿದು ಎರಾಸ್ಮಸ್‌ನನ್ನು ಬೈಯುವವರು ಬಹಳ ಜನ. ನಾನು ಬೈಯಲಾರೆ. ಆ ಪುಸ್ತಕದ ಮುನ್ನುಡಿಯಲ್ಲಿ ಅವನು ಒಂದು ಆಸೆ ಹೇಳಿಕೊಳ್ಳುತ್ತಾನೆ. ಹೆಣ್ಣುಮಕ್ಕಳೆಲ್ಲ ಸುವಾರ್ತೆ ಓದಬೇಕು, ಅದು ಎಲ್ಲ ಜನರ ಭಾಷೆಗೂ ಹೋಗಬೇಕು, ರೈತ ನೇಗಿಲು ಹೊಡೆಯುತ್ತಾ ಅದನ್ನು ಹಾಡಬೇಕು, ನೇಕಾರ ಲಾಳಿ ಆಡಿಸುತ್ತಾ ಗುನುಗಬೇಕು ಅಂತ. ಇಷ್ಟು ದೊಡ್ಡ ಆಸೆ ಇದ್ದವನು ಚೊಕ್ಕ ಪ್ರತಿ ಸಿಗುವವರೆಗೆ ಕಾಯುತ್ತಾ ಕೂರಲಿಲ್ಲ. ಕೂತಿದ್ದರೆ ಏನಾಗುತ್ತಿತ್ತೋ. ಅವನ 1519ರ ಎರಡನೇ ಮುದ್ರಣ ಇಟ್ಟುಕೊಂಡು ಲೂಥರ್ 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆ ತಂದ. ಮೂರನೇ ಮುದ್ರಣದಿಂದ ಟಿಂಡೇಲ್ ಇಂಗ್ಲಿಷ್‌ಗೆ ತಂದ. ಮುಂದೆ ಪ್ಯಾರಿಸ್‌ನಲ್ಲಿ ಸ್ತೆಫಾನಸ್, ಜಿನೀವಾದಲ್ಲಿ ಬೇಜಾ, ಹಾಲೆಂಡಿನಲ್ಲಿ ಎಲ್ಜೆವಿರ್ ಅಚ್ಚುಕೂಟದವರು ಅದನ್ನೇ ತಿದ್ದಿ ತೀಡಿ ಮುದ್ರಿಸಿದರು. 1633ರ ಹೊತ್ತಿಗೆ ಅದು ಎಲ್ಲರೂ ಒಪ್ಪಿಕೊಂಡ ಪಾಠ ಅನ್ನಿಸಿಕೊಂಡಿತು. ಸುಮಾರು ಮುನ್ನೂರು ವರ್ಷ ಗ್ರೀಕ್ ಹೊಸ ಒಡಂಬಡಿಕೆ ಅಂದರೆ ಇದೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಸತ್ಯವೇದವನ್ನು ಕನ್ನಡಕ್ಕೆ ತರಲು ಕೂತಾಗ ಭಾಷಾಂತರಕಾರರಿಗೆ ಸಿಗುತ್ತಿದ್ದದ್ದೂ ಈ ವಂಶದ ಪಾಠವೇ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಆ ಕೆಲಸಕ್ಕೆ ಕೈಜೋಡಿಸಿದರು. ಎರಾಸ್ಮಸ್ ಪುಸ್ತಕ ಅಚ್ಚಾದ ಊರಿಂದಲೇ ಬಂದವರು ಅವರು.

ಆದರೆ ಕಥೆ ಇಷ್ಟೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. 2ನೇ ಪ್ರತಿಯ ಗ್ರಂಥಾಲಯದ ಗುರುತು ಎ.ಎನ್. ನಾಲ್ಕು, ಒಂದು. ಅದರ ಪಕ್ಕದ ಪುಸ್ತಕ ಎ.ಎನ್. ನಾಲ್ಕು, ಎರಡು. ಇದು ಹಸ್ತಪ್ರತಿಗಳ ಪಟ್ಟಿಯಲ್ಲಿ 1ನೇ ಸಂಖ್ಯೆ. ಅದೂ 12ನೇ ಶತಮಾನದ್ದು, ಅದೇ ಮಠದಲ್ಲಿ ಇದ್ದದ್ದು. 297 ಹಾಳೆಯಲ್ಲಿ, ಪುಟಕ್ಕೆ 38 ಸಾಲಿನಂತೆ ಒತ್ತೊತ್ತಾಗಿ, ಪ್ರಕಟನೆ ಒಂದನ್ನು ಬಿಟ್ಟು ಇಡೀ ಹೊಸ ಒಡಂಬಡಿಕೆ ಇದೆ. ಎರಾಸ್ಮಸ್ ಇದನ್ನೂ ನೋಡಿದ್ದ. ಇದರ ಸುವಾರ್ತೆಗಳ ಪಾಠ ಬಳಕೆಯ ಗ್ರೀಕ್ ಪಾಠಕ್ಕಿಂತ ಅಲ್ಲಲ್ಲಿ ಬೇರೆಯಾಗಿತ್ತು. ಲ್ಯಾಟಿನ್‌ಗೆ ಹೊಂದಿಸಿ ಯಾರೋ ಬದಲಿಸಿದ್ದಾರೆ ಎಂದು ಅವನಿಗೆ ಅನುಮಾನ ಬಂತು. ಹಾಗಾಗಿ ಅಲ್ಲೊಂದು ಇಲ್ಲೊಂದು ಕಡೆ ಬಳಸಿದನೇ ಹೊರತು ಅದನ್ನು ನೆಚ್ಚಿಕೊಳ್ಳಲಿಲ್ಲ.

ಅನುಮಾನ ನಿಜವಾಗಿರಲಿಲ್ಲ. 1902ರಲ್ಲಿ ಕಿರ್ಸೊಪ್ ಲೇಕ್ ಎಂಬ ವಿದ್ವಾಂಸ 1ನೇ ಪ್ರತಿಗೆ ಇನ್ನೂ ಕೆಲವು ಒಡಹುಟ್ಟುಗಳಿವೆ, ಇವೆಲ್ಲ ಒಂದೇ ಹಳೆಯ ಮೂಲದಿಂದ ಬಂದ ಕುಟುಂಬ ಎಂದು ತೋರಿಸಿಕೊಟ್ಟ. ಆ ಕುಟುಂಬದ ಇನ್ನೊಂದು ಮುಖ್ಯ ಸದಸ್ಯ 1582 ಅನ್ನುವ ಪ್ರತಿ. ಎಫ್ರಾಯಿಮ್ ಎಂಬ ಸನ್ಯಾಸಿ 10ನೇ ಶತಮಾನದ ನಡುವೆ ಬರೆದದ್ದು, ಗ್ರೀಸಿನ ಆತೋಸ್ ಬೆಟ್ಟದ ವಾಟೊಪೆಡಿ ಮಠದಲ್ಲಿದೆ.

ಈ 1ನೇ ಪ್ರತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಟಿಪ್ಪಣಿಗಳು.

ಮೊದಲನೆಯದು ಮಾರ್ಕನ ಕೊನೆಯಲ್ಲಿ. ಹೆಂಗಸರು ಖಾಲಿ ಸಮಾಧಿ ನೋಡಿ ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಅಲ್ಲಿ ಒಂದು ಮಾತು ಬರೆದಿದೆ. ಕೆಲವು ಪ್ರತಿಗಳಲ್ಲಿ ಸುವಾರ್ತೆ ಇಲ್ಲಿಗೇ ಮುಗಿಯುತ್ತದೆ, ಯುಸೇಬಿಯಸ್ ಕೂಡ ಇಲ್ಲಿಯವರೆಗೆ ಮಾತ್ರ ಭಾಗಗಳ ಸಂಖ್ಯೆ ಕೊಟ್ಟಿದ್ದಾನೆ, ಆದರೆ ಹಲವು ಪ್ರತಿಗಳಲ್ಲಿ ಮುಂದಿನದ್ದೂ ಇದೆ. ಇಷ್ಟು ಹೇಳಿ ಉಳಿದ ವಚನಗಳನ್ನು ಬರೆದುಕೊಂಡು ಹೋಗುತ್ತದೆ.

ಯುಸೇಬಿಯಸ್ ವಿಷಯ ಒಂದು ಮಾತು ಹೇಳಬೇಕು. ಈಗ ನಾವು "ಯೋಹಾನ 8:7" ಅಂದ ತಕ್ಷಣ ಪುಟ ತೆಗೆಯುತ್ತೇವೆ. ಅಧ್ಯಾಯಗಳು 13ನೇ ಶತಮಾನದ್ದು, ವಚನದ ಸಂಖ್ಯೆ 1551ರದ್ದು. ಅದಕ್ಕೆ ಮುಂಚೆ ಗ್ರೀಕ್ ಓದುಗರಿಗೆ ದಾರಿ ತೋರಿಸುತ್ತಿದ್ದದ್ದು 4ನೇ ಶತಮಾನದಲ್ಲಿ ಕೈಸರೈಯದ ಯುಸೇಬಿಯಸ್ ಮಾಡಿದ ಲೆಕ್ಕ. ಮತ್ತಾಯನನ್ನು 355 ಭಾಗ, ಯೋಹಾನನನ್ನು 232 ಭಾಗ, ಹೀಗೆ ನಾಲ್ಕನ್ನೂ ವಿಂಗಡಿಸಿ, ಯಾವುದು ಯಾರ್‍ಯಾರಲ್ಲಿ ಬರುತ್ತದೆ ಎಂದು ಹತ್ತು ಪಟ್ಟಿ ಮಾಡಿದ. ಹಸ್ತಪ್ರತಿಗಳ ಅಂಚಿನಲ್ಲಿ ಸಾಲಾಗಿ ಕಾಣುವ ಸಣ್ಣ ಗ್ರೀಕ್ ಅಂಕಿಗಳು ಅವು.

ಎರಡನೆಯ ಟಿಪ್ಪಣಿಗೆ ಬರುತ್ತೇನೆ. ಯೋಹಾನನ ಎಂಟನೇ ಅಧ್ಯಾಯದಲ್ಲಿ ಬರುವ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ ಗೊತ್ತಲ್ಲ? "ನಿಮ್ಮಲ್ಲಿ ಪಾಪವಿಲ್ಲದವನು ಮೊದಲು ಕಲ್ಲೆಸೆಯಲಿ." ಕ್ರೈಸ್ತರಲ್ಲದವರ ಬಾಯಲ್ಲೂ, ರಾಜಕೀಯ ಭಾಷಣಗಳಲ್ಲೂ ಈ ಮಾತು ಬರುತ್ತಿರುತ್ತದೆ. 1ನೇ ಪ್ರತಿಯಲ್ಲಿ ಆ ಕಥೆ ಅದರ ಜಾಗದಲ್ಲಿ ಇಲ್ಲ. ಯೋಹಾನ ಪೂರ್ತಿ ಮುಗಿದ ಮೇಲೆ, ಕೊನೆಯಲ್ಲಿ ಬರೆದಿದೆ. ಅದಕ್ಕೆ ಮುಂಚೆ ವಿವರಣೆ ಇದೆ: ಈ ಭಾಗ ಹೆಚ್ಚಿನ ಪ್ರತಿಗಳಲ್ಲಿ ಇಲ್ಲ, ವ್ಯಾಖ್ಯಾನ ಬರೆದ ಪಿತೃಗಳು, ಅಂದರೆ ಹಳೆಯ ಸಭೆಯ ಗುರುಗಳಾದ ಕ್ರಿಸೊಸ್ತೊಮ್, ಅಲೆಕ್ಸಾಂಡ್ರಿಯದ ಸಿರಿಲ್, ಮೊಪ್ಸುಯೆಸ್ತಿಯದ ಥಿಯೋಡೋರ್ ಇದರ ಮಾತೆತ್ತಿಲ್ಲ, ಆದ್ದರಿಂದ ಅದರ ಜಾಗದಲ್ಲಿ ನಾನು ಬಿಟ್ಟಿದ್ದೇನೆ, 86ನೇ ಭಾಗ ಶುರುವಾಗಿ ಸ್ವಲ್ಪ ಮುಂದಕ್ಕೆ ಇದು ಬರುತ್ತದೆ, ಹೀಗಿದೆ. ಆಮೇಲೆ ಕಥೆ.

ಎಂಥ ನಿಯತ್ತು ನೋಡಿ. ಬೇಡ ಎನಿಸಿದ್ದನ್ನು ಕತ್ತರಿಸಿ ಹಾಕಿಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಏನೂ ಹೇಳದೆ ಜಾಗದಲ್ಲೇ ಬರೆದುಬಿಡಬಹುದಿತ್ತು. ಆಗಲೂ ಯಾರೂ ಕೇಳುತ್ತಿರಲಿಲ್ಲ. ಇವನು ಕಾರಣ ಹೇಳಿದ, ಯಾರ ಯಾರ ಸಾಕ್ಷಿ ನೋಡಿದೆ ಎಂದು ಹೇಳಿದ, ಕಥೆಯನ್ನೂ ಉಳಿಸಿದ, ನಿನಗೆ ಬೇಕಾದರೆ ಎಲ್ಲಿ ಸೇರಿಸಿಕೊಂಡು ಓದಬೇಕು ಎಂದೂ ತೋರಿಸಿದ. ಇದೇ ಟಿಪ್ಪಣಿ 1582ನೇ ಪ್ರತಿಯಲ್ಲೂ ಇದೆ. ಅಂದರೆ ಬರೆದವನು ಇವರಿಬ್ಬರಿಗಿಂತ ಹಳಬ. ಮುಂದೆ ಬಂದ ಪ್ರತಿಯೊಬ್ಬ ಲಿಪಿಕಾರನೂ ಕಥೆಯ ಜೊತೆಗೆ ಆ ಮಾತನ್ನೂ ಜೋಪಾನವಾಗಿ ನಕಲು ಮಾಡಿದ. ಧರ್ಮಗ್ರಂಥವನ್ನು ನಕಲು ಮಾಡುವವರು ಕಣ್ಣುಮುಚ್ಚಿ ಬರೆಯುತ್ತಿದ್ದರು, ಅನುಮಾನ ಪಡುವುದು ನಮ್ಮ ಕಾಲದ ಬುದ್ಧಿ ಅಂದುಕೊಳ್ಳುವವರಿಗೆ ನಾನು ತೋರಿಸಬೇಕು ಅನ್ನಿಸುವುದು ಈ ಪುಟ.

ಪಕ್ಕಪಕ್ಕದ ಈ ಎರಡು ಪುಸ್ತಕ ಬೇರೆಬೇರೆ ದಾರಿ ಹಿಡಿಯುವ ಇನ್ನೊಂದು ಜಾಗ ನನ್ನ ಬದುಕಿಗೆ ತೀರಾ ಹತ್ತಿರದ್ದು. ಮತ್ತಾಯ ಆರನೇ ಅಧ್ಯಾಯ, ಕರ್ತನ ಪ್ರಾರ್ಥನೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಅಜ್ಜಿ ಅದನ್ನು ಹೇಳಿಸುತ್ತಿದ್ದರು. ಕೊನೆಗೆ "ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನವೇ, ಆಮೆನ್" ಬರುವಾಗ ಎಲ್ಲರ ದನಿ ಸ್ವಲ್ಪ ಏರುತ್ತಿತ್ತು. ಪಕ್ಕದ ಮನೆಯವರು ಕಥೊಲಿಕರು. ಸಂಜೆ ಅವರ ಮನೆಯಲ್ಲಿ ಜಪಸರ ಹೇಳುವಾಗ ನಾನೂ ಕೂತಿರುತ್ತಿದ್ದೆ. ಅವರು ಕೇಡಿನಿಂದ ತಪ್ಪಿಸು ಅನ್ನುವಲ್ಲಿಗೆ ನಿಲ್ಲಿಸಿ ಆಮೆನ್ ಹೇಳಿಬಿಡುತ್ತಿದ್ದರು. ನನ್ನ ಬಾಯಲ್ಲಿ ಮುಂದಿನ ಸಾಲು ಆಗಲೇ ಹೊರಟಿರುತ್ತಿತ್ತು. "ಅವರದ್ದು ಯಾಕೆ ಅರ್ಧಕ್ಕೇ ಮುಗಿಯುತ್ತದೆ ಅಜ್ಜಿ?" ಅಂತ ಕೇಳಿದರೆ, "ಅವರಿಗೆ ಅವರ ಹಿರಿಯರು ಕಲಿಸಿದ್ದು ಹಾಗೆ ಮಗಾ" ಅನ್ನುತ್ತಿದ್ದರು.

ಅಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ. ಲ್ಯಾಟಿನ್ ವಲ್ಗೇಟ್‌ನಲ್ಲಿ ಆ ಸಾಲು ಇಲ್ಲ. ಬೈಜಾಂಟಿಯನ್ ಪಾಠದಲ್ಲಿ ಇದೆ, 2ನೇ ಪ್ರತಿ ಆ ಕಡೆಯದು. 4ನೇ ಶತಮಾನದ ಅತ್ಯಂತ ಹಳೆಯ ದೊಡ್ಡ ಪ್ರತಿಗಳಾದ ವ್ಯಾಟಿಕಾನಸ್, ಸಿನೈಟಿಕಸ್ ಎರಡರಲ್ಲೂ ಇಲ್ಲ. 1ನೇ ಪ್ರತಿಯ ಕುಟುಂಬದಲ್ಲೂ ಇಲ್ಲ. ಸಭೆಯ ಆರಾಧನೆಯಲ್ಲಿ ಜನ ಆ ಮಾತು ಸೇರಿಸಿ ಹೇಳುತ್ತಿದ್ದರು, ಅಲ್ಲಿಂದ ಅದು ಪುಸ್ತಕಕ್ಕೆ ಬಂತು ಎಂದು ವಿದ್ವಾಂಸರು ಹೇಳುತ್ತಾರೆ. ಎರಾಸ್ಮಸ್‌ಗೂ ಹಾಗೇ ಅನ್ನಿಸಿತ್ತು. ಆದರೂ ಗ್ರೀಕ್ ಪ್ರತಿಗಳಲ್ಲಿ ಕಂಡ ಸಾಲನ್ನು ಗ್ರೀಕ್ ಕಾಲಂನಲ್ಲಿ ಹಾಗೇ ಇಟ್ಟ. ಅಲ್ಲಿಂದ ಲೂಥರ್‌ಗೆ, ಇಂಗ್ಲಿಷ್‌ಗೆ, ಬಳ್ಳಾರಿ ಮತ್ತು ಮಂಗಳೂರಿಗೆ, ನಮ್ಮ ಅಜ್ಜಿಯ ಬಾಯಿಗೆ. ಇವತ್ತಿನ ಹಲವು ಅನುವಾದಗಳಲ್ಲಿ ಆ ಸಾಲು ಕಂಸದೊಳಗೋ ಅಡಿಟಿಪ್ಪಣಿಯಲ್ಲೋ ಇರುತ್ತದೆ.

ಇದು ತಿಳಿದ ಮೇಲೆ ಆ ಸಾಲು ಹೇಳುವುದನ್ನು ಬಿಟ್ಟೆಯಾ ಎಂದು ಒಬ್ಬರು ಕೇಳಿದರು. ಇಲ್ಲ, ಬಿಟ್ಟಿಲ್ಲ. ಯಾಕೆಂದರೆ ಆ ಮಾತು ಹಳೆಯದೇ. 1056ರಲ್ಲಿ ಲಿಯೋನ್ ಎಂಬ ಲಿಪಿಕಾರ ಬರೆದ ಗ್ರೀಕ್ ಹಸ್ತಪ್ರತಿಯೊಂದು 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಅದರೊಳಗೆ ಆದಿಸಭೆಯ ಕಾಲದ ದಿದಾಖೆ ಎಂಬ ಬೋಧನೆ ಇತ್ತು. ಅದರಲ್ಲಿ ಇದೇ ಪ್ರಾರ್ಥನೆ ಇದೆ. ಕೊನೆಯಲ್ಲಿ ಬಲವೂ ಮಹಿಮೆಯೂ ನಿನ್ನವೇ ಎಂದಿದೆ, ರಾಜ್ಯ ಅನ್ನುವ ಮಾತು ಮಾತ್ರ ಇಲ್ಲ. ದಿನಕ್ಕೆ ಮೂರು ಸಲ ಹೀಗೆ ಪ್ರಾರ್ಥಿಸಿ ಎಂದು ಹೇಳುತ್ತದೆ. ಅಂದರೆ ಮತ್ತಾಯನ ಪುಸ್ತಕದಲ್ಲಿ ಇತ್ತೋ ಇಲ್ಲವೋ, ಅತ್ಯಂತ ಹಳೆಯ ಕ್ರೈಸ್ತರ ಬಾಯಲ್ಲಂತೂ ಇತ್ತು. ನೂರಾರು ವರ್ಷ ಬಾಯಿಗೆ ರೂಢಿಯಾದದ್ದು ಬರೆಯುವ ಕೈಗೂ ತಾನಾಗಿ ಬಂದಿರಬೇಕು. ಲಿಪಿಕಾರ ಮತ್ತಾಯನನ್ನು ನಕಲು ಮಾಡುತ್ತಾ ಆ ಜಾಗಕ್ಕೆ ಬರುತ್ತಾನೆ. ತಾನು ಮಗುವಾಗಿದ್ದಾಗಿನಿಂದ ಹೇಳಿಕೊಂಡು ಬಂದ ಪ್ರಾರ್ಥನೆ ಅದು. ಪೆನ್ನು ನಿಲ್ಲುವುದಾದರೂ ಹೇಗೆ? ಇದರಲ್ಲಿ ನನಗೆ ಮೋಸ ಕಾಣುವುದಿಲ್ಲ. ನನ್ನ ಹಾಗೇ ಪ್ರಾರ್ಥಿಸುತ್ತಿದ್ದ ಒಬ್ಬ ಮನುಷ್ಯ ಕಾಣುತ್ತಾನೆ. ಕಥೊಲಿಕ ನೆರೆಯವರ ಪ್ರಾರ್ಥನೆ ಅರ್ಧ ಅಲ್ಲ ಎಂದೂ ಈಗ ಗೊತ್ತು. ಅವರದ್ದು ಇನ್ನೊಂದು ಸಾಲಿನ ಪುಸ್ತಕಗಳ ಹಾದಿ, ಅದೂ ಅಷ್ಟೇ ಹಳೆಯದು.

ಕೆಲವರಿಗೆ ಈ ವಿಷಯಗಳು ಹೆದರಿಕೆ ತರುತ್ತವೆ. ಪ್ರತಿಗಳು ಬೇರೆಬೇರೆ ಇವೆ ಅಂದರೆ ನಂಬುವುದು ಏನನ್ನು ಅಂತ. ನನಗೆ ಆಗಿದ್ದು ಬೇರೆ. ಚರ್ಮ ಹೆರೆದವರು, ಗೆರೆ ಗೀರಿದವರು, ಅನುಮಾನ ಬಂದಾಗ ಅದನ್ನು ಮುಚ್ಚಿಡದೆ ಬರೆದಿಟ್ಟವರು, ಪ್ರಾರ್ಥನೆಯ ಸಾಲನ್ನು ಬಿಡಲಾರದೆ ಸೇರಿಸಿದವರು, ಮೊಳೆ ಜೋಡಿಸಿದವರು, ಎಲ್ಲರೂ ಸೇರಿ ಇದನ್ನು ನನ್ನ ಕೈಗೆ ಮುಟ್ಟಿಸಿದ್ದಾರೆ ಎಂದು ತಿಳಿದ ಮೇಲೆ ಭಾನುವಾರ ಸುವಾರ್ತೆ ಓದುವಾಗ ನಾನು ಮೊದಲಿಗಿಂತ ಹೆಚ್ಚು ಕಿವಿಗೊಟ್ಟು ಕೇಳುತ್ತೇನೆ.

ಈ ಪುಸ್ತಕಗಳಿಗೆ 1 ಮತ್ತು 2 ಎಂದು ಸಂಖ್ಯೆ ಕೊಟ್ಟವನು ಯೋಹಾನ್ ಯಾಕೋಬ್ ವೆಟ್‌ಸ್ಟೈನ್. 1693ರಲ್ಲಿ ಬಾಸೆಲ್‌ನಲ್ಲೇ ಹುಟ್ಟಿದವನು, ಅಲ್ಲೇ ಸಭೆಯ ಸೇವೆಯಲ್ಲಿದ್ದವನು. ಪಾಠಭೇದಗಳ ಬಗ್ಗೆ ಅವನು ಮಾಡುತ್ತಿದ್ದ ಕೆಲಸ ಊರಿನವರಿಗೆ ಸಹಿಸಲಿಲ್ಲ. 1730ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ನೆಲೆಸಿದ. 1751 ಮತ್ತು 1752ರಲ್ಲಿ ಅಲ್ಲಿಂದ ತನ್ನ ದೊಡ್ಡ ಗ್ರೀಕ್ ಹೊಸ ಒಡಂಬಡಿಕೆ ಪ್ರಕಟಿಸಿದ. ಸಣ್ಣಕ್ಷರದ ಹಸ್ತಪ್ರತಿಗಳಿಗೆಲ್ಲ ಸಂಖ್ಯೆ ಹಾಕುವಾಗ ತನ್ನನ್ನು ಹೊರಗೆ ಹಾಕಿದ ಊರಿನ ಪುಸ್ತಕಗಳನ್ನೇ ಮೊದಲಿಗೆ ಇಟ್ಟ. ಆ ಸಂಖ್ಯೆಗಳನ್ನೇ ಇವತ್ತೂ ಲೋಕವೆಲ್ಲ ಬಳಸುತ್ತದೆ.

ಹಳೆಯ ಹಸ್ತಪ್ರತಿಗಳ ಪುಟಗಳನ್ನು ಈಗ ಮನೆಯಲ್ಲೇ ಕೂತು ಪರದೆಯ ಮೇಲೆ ನೋಡಬಹುದು. ಗ್ರೀಕ್ ಬರುವುದಿಲ್ಲ ಎಂದು ಹಿಂಜರಿಯಬೇಡಿ. ಅಕ್ಷರ ಇರುವುದು 24, ಮನಸ್ಸಿಟ್ಟರೆ ಬೇಗ ಕೈಗೆ ಬರುತ್ತವೆ. ಸಂಖ್ಯೆಗೂ ಅವರು ಅಕ್ಷರಗಳನ್ನೇ ಬಳಸುತ್ತಿದ್ದರು. 1ನೇ ಪ್ರತಿಯಲ್ಲಿ ಯೋಹಾನ ಮುಗಿಯುವ ಪುಟ ತೆಗೆದು ಆ ಟಿಪ್ಪಣಿಯ ಕೊನೆಗೆ ಬನ್ನಿ. 80ಕ್ಕೆ ಪೈ, 6ಕ್ಕೆ ಬಾಲ ಇರುವ ಸ್ಟಿಗ್ಮಾ. ಆ ಜೋಡಿ ಕಂಡರೆ ಅದೇ 86ನೇ ಭಾಗದ ಮಾತು. ಅದರ ಮುಂದೆ ಕಥೆ ಶುರುವಾಗುತ್ತದೆ.